ಎದೆಯೊಳಗಿನ ಗಾಳಿ, ಮುಟ್ಟಿನ ತಾರೀಖು

ಶ್ವಾಸಕೋಶದ ಸುತ್ತ ಗಾಳಿ ಸೇರಿ ಅದು ಮುದುಡಿಹೋಗುವುದನ್ನು ವೈದ್ಯರು ನ್ಯೂಮೋಥೊರಾಕ್ಸ್ ಎನ್ನುತ್ತಾರೆ. ಇದ್ದಕ್ಕಿದ್ದಂತೆ ಎದೆನೋವು, ಏದುಸಿರು. ಎತ್ತರದ ತೆಳ್ಳಗಿನ ಯುವಕರಲ್ಲಿ, ಅದರಲ್ಲೂ ಸಿಗರೇಟು ಸೇದುವವರಲ್ಲಿ ಇದು ಹೆಚ್ಚು. ಆದರೆ 1958ರಲ್ಲಿ ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಎಲ್ಮರ್ ಮೌರರ್ ಮತ್ತು ಇಬ್ಬರು ಸಹೋದ್ಯೋಗಿಗಳು ವರದಿ ಮಾಡಿದ್ದು ಒಬ್ಬ ಮಹಿಳೆಯ ಬಗ್ಗೆ. ಆಕೆಗೆ ಮತ್ತೆ ಮತ್ತೆ ಎದೆಯ ಬಲಗಡೆಯೇ ಗಾಳಿ ತುಂಬುತ್ತಿತ್ತು, ಅದೂ ಮುಟ್ಟಿನ ಹೊತ್ತಿಗೆ.

ಎದೆ ತೆರೆದು ನೋಡಿದಾಗ ಎದೆಗೂ ಹೊಟ್ಟೆಗೂ ನಡುವಿನ ವಪೆಯಲ್ಲಿ ತೂತು ಕಂಡಿತು, ಎಂಡೊಮೆಟ್ರಿಯೋಸಿಸ್ ಕೂಡ. ಗರ್ಭಕೋಶದ ಒಳಪದರದಂಥ ಅಂಗಾಂಶ ಬೇರೆ ಕಡೆ ಬೆಳೆದು, ತಿಂಗಳ ಹಾರ್ಮೋನುಗಳ ಏರಿಳಿತಕ್ಕೆ ತಕ್ಕಂತೆ ಊದಿ ರಕ್ತ ಸುರಿಸುವ ರೋಗ ಅದು. ಕಿಬ್ಬೊಟ್ಟೆಯ ರೋಗ ಎದೆಯವರೆಗೆ ಹತ್ತಿದ್ದು ಹೇಗೆ?

ಉತ್ತರದ ಮೊದಲ ತುಂಡು ಆಗಲೇ ಸಿಕ್ಕಿತ್ತು. ನ್ಯೂಯಾರ್ಕ್ ರಾಜ್ಯದ ಆಲ್ಬನಿಯ ಸ್ತ್ರೀರೋಗ ತಜ್ಞ ಜಾನ್ ಸ್ಯಾಂಪ್ಸನ್, ಮುಟ್ಟಿನ ರಕ್ತ ಗರ್ಭನಾಳಗಳ ಮೂಲಕ ಹಿಮ್ಮುಖವಾಗಿ ಹರಿದು ಹೊಟ್ಟೆಯೊಳಗೆ ಬೀಳುತ್ತದೆ, ಅದರಲ್ಲಿನ ಜೀವಕೋಶಗಳು ಅಲ್ಲಿ ಬೇರೂರುತ್ತವೆ ಎಂದು 1927ರಲ್ಲಿ ವಾದಿಸಿದ್ದರು. ಹೊಟ್ಟೆಯೊಳಗಿನ ದ್ರವ ಸುಮ್ಮನೆ ನಿಂತಿರುವುದಿಲ್ಲ. ದೊಡ್ಡ ಕರುಳಿನ ಬಲ ಅಂಚಿನ ಗುಂಟ ಏರಿ ಯಕೃತ್ತಿನ ಮೇಲಕ್ಕೆ, ವಪೆಯ ಬಲಭಾಗದ ಅಡಿಗೆ ಬರುತ್ತದೆ. ಎಡಕ್ಕೆ ದಾಟದಂತೆ ಅಲ್ಲೊಂದು ಪೊರೆ ಅಡ್ಡವಿದೆ. ಹೀಗೆ ಮೇಲೇರಿದ ಕೋಶಗಳು ಅಲ್ಲೇ ನೆಲೆಸಿ, ತಿಂಗಳು ತಿಂಗಳೂ ಸ್ರವಿಸಿ, ಕಾಲಕ್ರಮೇಣ ವಪೆಯನ್ನು ಜರಡಿಯಾಗಿಸಬಲ್ಲವು. ರೋಗ ಬಹುಪಾಲು ಬಲಗಡೆಯೇ ಕಾಣುವುದಕ್ಕೆ ಇದು ಒಪ್ಪುವ ಕಾರಣ.

ಗಾಳಿ ಎಲ್ಲಿಂದ ಬಂತು? ಗರ್ಭಕೋಶದ ಬಾಯಿಗೆ ಲೋಳೆಯ ಬಿರಡೆ ಇರುತ್ತದೆ. ಮುಟ್ಟಿನಲ್ಲಿ ಅದು ಸಡಿಲವಾದಾಗ ಹೊರಗಿನ ಗಾಳಿ ಗರ್ಭನಾಳಗಳ ಮೂಲಕ ಹೊಟ್ಟೆಗೆ, ತೂತಿನ ಮೂಲಕ ಎದೆಗೆ ಹೋಗುತ್ತದೆಂಬುದು ಒಂದು ವಿವರಣೆ. ಆದರೆ ಗರ್ಭಕೋಶ ತೆಗೆದ ಮೇಲೂ ತೊಂದರೆ ಮರುಕಳಿಸಿದ ಉದಾಹರಣೆಗಳಿವೆ. ಕೆಲವರಲ್ಲಿ ಅಂಗಾಂಶ ಶ್ವಾಸಕೋಶದೊಳಗೇ ಇದ್ದು ಮುಟ್ಟಿನ ಹೊತ್ತಿಗೆ ಕೆಮ್ಮಿನಲ್ಲಿ ರಕ್ತ ಬರುತ್ತದೆ. ಅಲ್ಲಿಗೆ ಕೋಶಗಳು ರಕ್ತನಾಳಗಳ ಮೂಲಕ ಹೋಗಿರಬೇಕು. ಒಂದೇ ದಾರಿಯಿಂದ ಎಲ್ಲವನ್ನೂ ವಿವರಿಸಲಾಗದು.

ಬಹುಕಾಲ ಇದನ್ನು ತೀರಾ ಅಪರೂಪವೆಂದೇ ಎಣಿಸಿದ್ದರು. ಎದೆಗೆ ಸಣ್ಣ ರಂಧ್ರ ಮಾಡಿ ಕ್ಯಾಮೆರಾ ಇಳಿಸುವ ಶಸ್ತ್ರಚಿಕಿತ್ಸೆ ಬಂದ ಮೇಲೆ ಲೆಕ್ಕ ಬದಲಾಯಿತು. ಮಾರ್ಕೊ ಅಲಿಫಾನೊ ಮತ್ತು ಸಂಗಡಿಗರು ಪ್ಯಾರಿಸ್‌ನಲ್ಲಿ ನಡೆಸಿ 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ನ್ಯೂಮೋಥೊರಾಕ್ಸ್‌ನ ಶಸ್ತ್ರಚಿಕಿತ್ಸೆಗೆ ಬಂದ 32 ಮಹಿಳೆಯರಲ್ಲಿ 8 ಮಂದಿಗೆ ಮುಟ್ಟಿನ ನಂಟಿತ್ತು. ವಪೆಯನ್ನು ಹುಡುಕಿ ನೋಡಿದವರಿಗಷ್ಟೇ ಅದರ ತೂತು ಕಾಣುತ್ತದೆ. ಶ್ವಾಸಕೋಶದ ತುದಿಯನ್ನಷ್ಟೇ ಪರೀಕ್ಷಿಸಿ ಹೊಲಿಗೆ ಹಾಕಿದರೆ ಕಾರಣ ಒಳಗೇ ಉಳಿಯುತ್ತದೆ.

ಈಗ ಚಿಕಿತ್ಸೆಗೆ ಎರಡು ಕೈ ಬೇಕು. ಎದೆಯ ಶಸ್ತ್ರವೈದ್ಯರು ವಪೆಯ ರೋಗಭಾಗ ಕತ್ತರಿಸಿ, ತೂತು ಮುಚ್ಚಿ, ಬೇಕಿದ್ದರೆ ಜಾಲರಿ ಹೊದಿಸಿ, ಶ್ವಾಸಕೋಶ ಎದೆಗೋಡೆಗೆ ಅಂಟಿಕೊಳ್ಳುವಂತೆ ಮಾಡುತ್ತಾರೆ. ಸ್ತ್ರೀರೋಗ ತಜ್ಞರು ಹಾರ್ಮೋನು ಔಷಧಿಯಿಂದ ಕೆಲವು ತಿಂಗಳು ಮುಟ್ಟು ನಿಲ್ಲಿಸುತ್ತಾರೆ. ಆದರೂ ಮರುಕಳಿಸುವುದುಂಟು. ಔಷಧಿ ನಡೆಯುವಾಗ ಗರ್ಭ ಧರಿಸಲಾಗದ ಕಾರಣ, ಮಗು ಬೇಕೆನ್ನುವವರ ಜತೆ ಈ ಮಾತು ಮೊದಲೇ ಆಗಬೇಕು.

ಇಡೀ ಕತೆಯಲ್ಲಿ ರೋಗದ ಮೊದಲ ಗುರುತು ಕೊಟ್ಟದ್ದು ಯಂತ್ರವಲ್ಲ, ದಿನಾಂಕ. ನಮ್ಮಲ್ಲಿ ಕೆಮ್ಮಿನಲ್ಲಿ ರಕ್ತ ಕಂಡರೆ ಮೊದಲು ಕ್ಷಯದ ಶಂಕೆ, ಅದು ಸರಿಯೇ. ಕಫ ಪರೀಕ್ಷೆಯಲ್ಲಿ ಏನೂ ಸಿಗದೆ ತೊಂದರೆ ಮಾತ್ರ ಮರಳುತ್ತಿದ್ದರೆ, ಮುಟ್ಟು ಯಾವಾಗ ಆಯಿತೆಂದು ಎದೆರೋಗ ತಜ್ಞರು ಸಂಕೋಚವಿಲ್ಲದೆ ಕೇಳಬೇಕು. ಹೇಳುವವರೂ ಸಂಕೋಚಪಡಬೇಕಿಲ್ಲ. ಎಕ್ಸ್‌-ರೇ ಹಾಳೆಯ ಮೇಲೆ ತಾರೀಖು ಹೇಗೂ ಅಚ್ಚಾಗಿರುತ್ತದೆ, ಆ ತಿಂಗಳ ಮುಟ್ಟಿನ ತಾರೀಖನ್ನೂ ಅದರ ಪಕ್ಕ ಬರೆದಿಟ್ಟುಕೊಂಡರೆ ಸಾಕು.