ಕಂಡಕ್ಟರ್ ಕೈಯ ಚೀಟಿ

ನಮ್ಮೂರು ಶಲವಡಿಯಲ್ಲಿ ಮನೆಮನೆಗೆ ಫೋನು ಬರುವ ಮೊದಲು ಪೇಟೆಯ ಧಾರಣೆ ಬಸ್ಸಿನಲ್ಲಿ ಬರುತ್ತಿತ್ತು. ಹೆಸರುಕಾಳಿನ ರಾಶಿ ಮುಗಿದ ಮರುದಿನ ಕಾಕಾ ನನ್ನ ನೋಟುಬುಕ್ಕಿನ ಹಾಳೆಯೊಂದನ್ನು ಹರಿದು ಅಡತಿ ಅಂಗಡಿಯವರಿಗೆ ಚೀಟಿ ಬರೆಸುತ್ತಿದ್ದರು. ಬರೆಯುವವಳು ನಾನು. ಕಾಳು ಹೆಸರು, ಚೀಲ ಇಷ್ಟು, ಇವತ್ತಿನ ಧಾರಣೆ ಏನು, ನಾಳೆ ತರಬೇಕೋ ನಾಡಿದ್ದು ತರಬೇಕೋ. ಬೆಳಗಿನ ಬಸ್ಸಿನ ಕಂಡಕ್ಟರ್ ಅದನ್ನು ಟಿಕೆಟ್ ಚೀಲದಲ್ಲಿ ಇಟ್ಟುಕೊಂಡು ಅಣ್ಣಿಗೇರಿ ಪೇಟೆಗೆ ಒಯ್ಯುತ್ತಿದ್ದ. ಸಂಜೆ ಅದೇ ಹಾಳೆಯ ಬೆನ್ನಿಗೆ ಉತ್ತರ ಬರೆದು ಬರುತ್ತಿತ್ತು. ಅಲ್ಲಿಯ ತನಕ ಕಾಕಾ ಬಸ್‌ಸ್ಟ್ಯಾಂಡಿನಲ್ಲಿ ಕೂತು ದಾರಿ ಕಾಯುತ್ತಿರಲಿಲ್ಲ. ಎತ್ತಿನ ಮೈ ತೊಳೆಯುತ್ತಿದ್ದರು, ಚೀಲದ ಬಾಯಿ ಹೊಲಿಯುತ್ತಿದ್ದರು. ಹಾರ್ನ್ ಕೇಳಿದ ಮೇಲೆ ಎದ್ದು ಹೋಗುತ್ತಿದ್ದರು.

ಮುಂದೆ ಬೆಂಗಳೂರಿನಲ್ಲಿ ನಾನು 12 ವರ್ಷ ಮಾಡಿದ್ದು ಇದೇ ಚೀಟಿಯ ಕೆಲಸ. ಚೀಟಿ ಬರೆಯುತ್ತಿದ್ದದ್ದು ಫ್ಲ್ಯಾಶ್ ಎಂಬ ತಂತ್ರಾಂಶದಲ್ಲಿ, ಉತ್ತರ ಕೊಡುತ್ತಿದ್ದದ್ದು ದೂರದ ಯಾವುದೋ ಸರ್ವರ್.

ಗಂಟೆಗಿಷ್ಟು ಅಂತ ದುಡ್ಡು ಕೊಟ್ಟು ಇಂಟರ್‌ನೆಟ್ ಸೆಂಟರಿನಲ್ಲಿ ಕೂತವರಿಗೆಲ್ಲ ಫ್ಲ್ಯಾಶ್ ಗೊತ್ತು, ಅದರ ಹೆಸರು ಗೊತ್ತಿಲ್ಲದಿದ್ದರೂ. ದೀಪಾವಳಿಗೆ ಬರುತ್ತಿದ್ದ ಕುಣಿಯುವ ಶುಭಾಶಯ ಪತ್ರ, ಮಕ್ಕಳ ಆಟಗಳು, ಪುಟದ ಮೂಲೆಯಲ್ಲಿ ಓಡಾಡುತ್ತಿದ್ದ ಜಾಹೀರಾತು, 2005ರಲ್ಲಿ ಶುರುವಾದ ಯೂಟ್ಯೂಬಿನ ವಿಡಿಯೊ, ಎಲ್ಲ ನಡೆಯುತ್ತಿದ್ದದ್ದು ಅದರ ಮೇಲೆಯೇ. ಫ್ಯೂಚರ್‌ವೇವ್ ಎಂಬ ಸಣ್ಣ ಕಂಪನಿ ಮಾಡಿದ ಚಿತ್ರ ಬಿಡಿಸುವ ತಂತ್ರಾಂಶವನ್ನು 1996ರ ಕೊನೆಗೆ ಮ್ಯಾಕ್ರೋಮೀಡಿಯ ಕೊಂಡು ಅದಕ್ಕೆ ಫ್ಲ್ಯಾಶ್ ಎಂದು ಹೆಸರಿಟ್ಟಿತು. 2005ರಲ್ಲಿ ಮ್ಯಾಕ್ರೋಮೀಡಿಯವನ್ನೇ ಅಡೋಬಿ ಕೊಂಡಿತು. ಬ್ರೌಸರಿನೊಳಗೆ ಫ್ಲ್ಯಾಶ್ ಪ್ಲೇಯರ್ ಎಂಬ ಸಣ್ಣ ಜೋಡಣೆ ಕೂತಿದ್ದರೆ ಸಾಕು, ಚಿತ್ರ ಜೀವ ಪಡೆಯುತ್ತಿತ್ತು.

ಫ್ಲ್ಯಾಶ್‌ನಲ್ಲಿ ಮಾಡಿದ ಕೆಲಸ ಕೊನೆಗೆ ಒಂದು ಎಸ್‌ಡಬ್ಲ್ಯುಎಫ್ ಫೈಲ್ ಆಗುತ್ತಿತ್ತು. ಅದು ಬಾಯಿ ಹೊಲಿದ ಚೀಲ. ಒಳಗೆ ಚಿತ್ರ, ಅಕ್ಷರ, ಅಂಕಿ ಏನೇನು ತುಂಬಿದ್ದೀರೋ ಅಷ್ಟೇ. ನಾಳೆ ಧಾರಣೆ ಬದಲಾದರೆ ಚೀಲ ಬಿಚ್ಚಿ, ಅಂಕಿ ತಿದ್ದಿ, ಮತ್ತೆ ಹೊಲಿಯಬೇಕು. ಗೋಡೆಗೆ ಬಣ್ಣದಲ್ಲಿ ಬರೆಸಿದ ಧಾರಣೆಯ ಹಾಗೆ. ಇದಕ್ಕಿಂತ ಎಪಿಎಂಸಿಯ ಕರಿಹಲಗೆ ಮೇಲು, ದಿನವೂ ಒರೆಸಿ ಬರೆಯಬಹುದು. ಫ್ಲ್ಯಾಶ್‌ನಲ್ಲಿ ಕರಿಹಲಗೆ ಬೇಕೆಂದರೆ ಅಂಕಿಗಳನ್ನು ಹೊರಗೆ ಇಡಬೇಕು, ಬೇಕಾದಾಗ ಚೀಟಿ ಕಳಿಸಿ ತರಿಸಿಕೊಳ್ಳಬೇಕು. ಹೀಗೆ ಮನುಷ್ಯರ ಕಣ್ಣಿಗಲ್ಲದೆ ಇನ್ನೊಂದು ಪ್ರೋಗ್ರಾಮಿಗೆ ಉತ್ತರ ಕೊಡಲೆಂದೇ ತೆರೆದಿಟ್ಟ ಅಂಗಡಿಗೆ ವೆಬ್ ಸರ್ವಿಸ್ ಎನ್ನುತ್ತಾರೆ. ಇಂಥ ವಿಳಾಸಕ್ಕೆ ಇಂಥ ನಮೂನೆಯಲ್ಲಿ ಕೇಳಿದರೆ ಇಂಥ ನಮೂನೆಯಲ್ಲೇ ಉತ್ತರ ಸಿಗುತ್ತದೆ ಎಂಬುದು ಅಲ್ಲಿಯ ಕರಾರು.

ಚೀಟಿಯ ನಮೂನೆಗಳು ಒಂದೊಂದಾಗಿ ಬಂದವು. 1999ರ ಫ್ಲ್ಯಾಶ್ 4ರಲ್ಲಿ ಇದ್ದದ್ದು ತೀರ ಸರಳ: ಕಾಳು=ಹೆಸರು, ಪೇಟೆ=ಅಣ್ಣಿಗೇರಿ, ಹೀಗೆ ಜೋಡಿ ಜೋಡಿ. ಎರಡು ಜೋಡಿಗಳ ನಡುವೆ ‘&’ ಚಿಹ್ನೆ. ನನ್ನ ಮೊದಲ ಕೆಲಸದಲ್ಲಿ ಅಡತಿ ಅಂಗಡಿಗಳ ಪಟ್ಟಿ ತರಿಸಿದಾಗ ಎಷ್ಟೋ ಅಂಗಡಿಗಳ ಹೆಸರು ಅರ್ಧಕ್ಕೇ ನಿಂತಿತ್ತು. ಎರಡು ದಿನ ಹುಡುಕಿದೆ. ಪೇಟೆಯ ಅಂಗಡಿಗಳ ಫಲಕ ನೆನಪಿಸಿಕೊಳ್ಳಿ: ‘& ಸನ್ಸ್’, ‘& ಕಂಪನಿ’, ‘& ಬ್ರದರ್ಸ್’. ಹೆಸರಿನೊಳಗಿದ್ದ ಆ ಚಿಹ್ನೆಯನ್ನು ಫ್ಲ್ಯಾಶ್ ಜೋಡಿ ಮುಗಿದ ಗುರುತು ಎಂದು ಓದುತ್ತಿತ್ತು. ಅಪ್ಪನ ಹೆಸರು ಉಳಿದು ಮಕ್ಕಳು ಬಿದ್ದುಹೋಗುತ್ತಿದ್ದರು. ಕಳಿಸುವ ಮುನ್ನ ಆ ಚಿಹ್ನೆಯನ್ನು ಬೇರೆ ಸಂಕೇತವಾಗಿ ಬದಲಿಸಬೇಕು ಎಂಬ ಪಾಠವನ್ನು ನಾನು ಅಂದು ಕಲಿತದ್ದು.

2000ದಲ್ಲಿ ಫ್ಲ್ಯಾಶ್ 5 ಬಂತು, ಜೊತೆಗೆ ಎಕ್ಸ್‌ಎಂಎಲ್ ಓದುವ ಶಕ್ತಿ. ಎಕ್ಸ್‌ಎಂಎಲ್ ಅಂದರೆ ಪ್ರತಿ ಚೀಲದ ಮೇಲೆ ಒಳಗೇನಿದೆ ಎಂದು ಬರೆದು, ಚೀಲದೊಳಗೆ ಚೀಲ ಇಡುವ ಪದ್ಧತಿ. ‘ಪೇಟೆ’ ಎಂಬ ದೊಡ್ಡ ಚೀಲ, ಅದರೊಳಗೆ ‘ಕಾಳು’, ಅದರೊಳಗೆ ‘ಕನಿಷ್ಠ’, ‘ಗರಿಷ್ಠ’. ತೆರೆದ ಗುರುತು, ಮುಚ್ಚಿದ ಗುರುತು ಸರಿಯಾಗಿದ್ದರೆ ಯಾವ ಯಂತ್ರವೂ ಓದೀತು, ಮನುಷ್ಯನೂ ಓದಿಯಾನು. ಸೋಪ್ ಎಂಬ ಇನ್ನೊಂದು ನಮೂನೆ ಇತ್ತು. ಅದೂ ಎಕ್ಸ್‌ಎಂಎಲ್ಲೇ, ಆದರೆ ಸ್ಟಾಂಪ್ ಪೇಪರಿನ ಕರಾರಿನಂತೆ ಹೇಳಬೇಕಾದ ಒಂದು ಮಾತಿಗೆ ಹತ್ತು ಸಾಲಿನ ಪೀಠಿಕೆ. ಬ್ಯಾಂಕುಗಳೂ ದೊಡ್ಡ ಕಚೇರಿಗಳೂ ಅದನ್ನು ಇಷ್ಟಪಟ್ಟವು. ನನಗೆ ಅದು ಹೊರೆ ಅನ್ನಿಸುತ್ತಿತ್ತು.

2002ರಲ್ಲಿ ಫ್ಲ್ಯಾಶ್ ರಿಮೋಟಿಂಗ್ ಬಂತು. ಅದರ ನಮೂನೆಯ ಹೆಸರು ಎಎಂಎಫ್. ಇಲ್ಲಿ ಅಕ್ಷರಗಳೇ ಇಲ್ಲ, ಯಂತ್ರಕ್ಕೆ ಮಾತ್ರ ತಿಳಿಯುವ ಅಡಕವಾದ ಬೈಟ್‌ಗಳು. ದನದ ಸಂತೆಯಲ್ಲಿ ಟಾವೆಲ್ ಕೆಳಗೆ ಬೆರಳು ಹಿಡಿದು ಎತ್ತಿನ ಬೆಲೆ ಮಾತಾಡುವುದನ್ನು ನೋಡಿದವರಿಗೆ ಇದು ಕೂಡಲೇ ತಿಳಿಯುತ್ತದೆ. ಮಾತಿಗಿಂತ ಬೇಗ, ಆದರೆ ಆ ಇಬ್ಬರಿಗಷ್ಟೇ ಗೊತ್ತು. ಸಾವಿರಾರು ಸಾಲಿನ ಲೆಕ್ಕವೂ ಕ್ಷಣದಲ್ಲಿ ಪರದೆಗೆ ಬರುತ್ತಿತ್ತು. ನಾವೆಲ್ಲ ಅದರ ವೇಗಕ್ಕೆ ಮನಸೋತೆವು.

ಹೊಸಬರು ಎಡವುತ್ತಿದ್ದದ್ದು ಮಾತ್ರ ನಮೂನೆಯಲ್ಲಲ್ಲ, ಕಾಯುವುದರಲ್ಲಿ. ಕಾಕಾ ಮಾಡಿದ ಹಾಗೆಯೇ ಫ್ಲ್ಯಾಶ್ ಕೂಡ ಚೀಟಿ ಕಳಿಸಿ ಸುಮ್ಮನೆ ಕೂಡುವುದಿಲ್ಲ, ಮುಂದಿನ ಸಾಲಿನ ಕೆಲಸಕ್ಕೆ ಹೋಗಿಬಿಡುತ್ತದೆ. ಉತ್ತರ ಬಂದ ಮೇಲೆ ಏನು ಮಾಡಬೇಕೆಂಬುದನ್ನು ಬೇರೆಯಾಗಿ ಬರೆದಿಡಬೇಕು. ಹಾರ್ನ್ ಕೇಳಿದ ಮೇಲೆ ಎದ್ದು ಹೋಗು ಎಂದು ಹೇಳಿದಂತೆ. ಒಮ್ಮೆ ನಾನು ಧಾರಣೆಯ ಏರಿಳಿತದ ನಕ್ಷೆಯೊಂದನ್ನು ಗಿರಾಕಿಗಳ ಮುಂದೆ ತೋರಿಸಿದೆ. ಆಫೀಸಿನಲ್ಲಿ ನೂರು ಸಲ ಸರಿಯಾಗಿ ಬಂದಿದ್ದ ನಕ್ಷೆ ಅಲ್ಲಿ ಖಾಲಿ ಬಂತು. ನಮ್ಮ ಆಫೀಸಿನಲ್ಲಿ ಫೈಲು ಅದೇ ಕಂಪ್ಯೂಟರಿನಲ್ಲಿತ್ತು, ಉತ್ತರ ಕಣ್ಣು ಮುಚ್ಚಿ ತೆರೆಯುವುದರೊಳಗೆ ಬಂದುಬಿಡುತ್ತಿತ್ತು. ಅಲ್ಲಿ ನಿಧಾನದ ಇಂಟರ್‌ನೆಟ್. ಸಂಜೆಯ ಬಸ್ಸು ಬರುವ ಮೊದಲೇ ನಾನು ಚೀಟಿಯ ಬೆನ್ನು ಓದಲು ಹೋಗಿದ್ದೆ. ಆ ಕೆಲಸ ನಮ್ಮ ಕೈ ತಪ್ಪಿತು. ಅದರ ನೋವು ಬಹಳ ದಿನ ಇತ್ತು.

ಇನ್ನೊಂದು ಕಟ್ಟಳೆಯಿತ್ತು. ಒಂದು ತಾಣದಿಂದ ಬಂದ ಫ್ಲ್ಯಾಶ್ ಫೈಲು ಇನ್ನೊಂದು ತಾಣದ ಮಾಹಿತಿ ಕೇಳಿದರೆ, ಪ್ಲೇಯರ್ ಮೊದಲು ಆ ಎರಡನೆಯ ತಾಣದ ಬಾಗಿಲಿಗೆ ಹೋಗಿ ಕ್ರಾಸ್‌ಡೊಮೇನ್ ಡಾಟ್ ಎಕ್ಸ್‌ಎಂಎಲ್ ಎಂಬ ಫೈಲು ಇದೆಯೇ ಎಂದು ನೋಡುತ್ತಿತ್ತು. ಯಾರ್‍ಯಾರು ಕೇಳಬಹುದು ಎಂಬ ಪಟ್ಟಿ ಅದರಲ್ಲಿ ಇರುತ್ತಿತ್ತು. ಈ ಪಟ್ಟಿ ಬಂದದ್ದು 2003ರ ಫ್ಲ್ಯಾಶ್ ಪ್ಲೇಯರ್ 7ರಿಂದ, ಅದರೊಂದಿಗೇ ತಪಾಸಣೆ ಬಿಗಿಯಾಗಿ ತಾಣದ ಹೆಸರು ಅಕ್ಷರಕ್ಕಕ್ಷರ ಹೊಂದಬೇಕಾಯಿತು. ಇದು ಕಿರಿಕಿರಿ ಎಂದು ಬೈದವರು ಬಹಳ. ನನ್ನ ಮನಸ್ಸಿಗೆ ಇದು ಫ್ಲ್ಯಾಶ್‌ನ ಒಳ್ಳೆಯ ಗುಣ. ನೀವು ಬ್ಯಾಂಕಿನ ತಾಣಕ್ಕೆ ಲಾಗಿನ್ ಆಗಿರುವಾಗ, ಪಕ್ಕದಲ್ಲಿ ತೆರೆದ ಆಟವೊಂದು ನಿಮ್ಮ ಹೆಸರಿನಲ್ಲೇ ಬ್ಯಾಂಕಿಗೆ ಚೀಟಿ ಕಳಿಸಿ ಉತ್ತರ ಓದಿಕೊಂಡರೆ? ಅದನ್ನು ತಡೆಯುವುದಕ್ಕೇ ಆ ಪಟ್ಟಿ. ಬೇಗ ಕೆಲಸವಾಗಲಿ ಎಂದು ಕೆಲವರು ಪಟ್ಟಿಯಲ್ಲಿ ನಕ್ಷತ್ರದ ಚಿಹ್ನೆ ಹಾಕಿ ‘ಯಾರು ಬೇಕಾದರೂ ಬರಲಿ’ ಎಂದು ಬಿಡುತ್ತಿದ್ದರು. ಗುಟ್ಟಿಲ್ಲದ ಧಾರಣೆಪಟ್ಟಿಗೆ ಅದು ಸರಿ, ಜನರ ಖಾತೆ ಇರುವ ಕಡೆ ಬಾಗಿಲು ಹಾರುಹೊಡೆದಂತೆ. ಈಗಿನ ಬ್ರೌಸರ್‌ಗಳಲ್ಲಿ ಇದೇ ಬಗೆಯ ಕಾವಲು ಕಾರ್ಸ್ ಎಂಬ ಹೆಸರಿನಲ್ಲಿದೆ. 2014ರಲ್ಲಿ ವೆಬ್ ಮಾನಕಗಳ ಸಂಸ್ಥೆ ಡಬ್ಲ್ಯು3ಸಿ ಅದನ್ನು ಮಾನಕವಾಗಿ ಒಪ್ಪಿತು.

ಕನ್ನಡದ ಮಾತು ಬಂದರೆ ನಾನು ಸ್ವಲ್ಪ ನಿಂತು ಹೇಳಲೇಬೇಕು. ಆಗ ಬರಹ, ನುಡಿ ತಂತ್ರಾಂಶಗಳೇ ನಮ್ಮ ಕೈಯ ಲೇಖನಿ. ನುಡಿಯ ಹಳೆಯ ಪದ್ಧತಿಯಲ್ಲಿ ಪರದೆಯ ಮೇಲೆ ಕಾಣುವುದು ಕನ್ನಡ, ಫೈಲಿನಲ್ಲಿ ಕೂಡುವುದು ಬೇರೆ ಸಂಕೇತ. ‘ಶಲವಡಿ’ ಎಂದು ಟೈಪ್ ಮಾಡಿದರೆ ಒಳಗೆ ಸೇರುತ್ತಿದ್ದದ್ದು ಕೂಡುವ-ಕಳೆಯುವ ಚಿಹ್ನೆ, ವೃತ್ತದೊಳಗಿನ ಇಂಗ್ಲಿಷ್ ಆರ್, ನೆತ್ತಿಗೆ ಗೀಟು ಇರುವ ಎ, ಕೊನೆಗೆ ‘ಡಿ’ಯ ಜಾಗದಲ್ಲಿ ಒಂದು ಸಣ್ಣ ಆರ್. ಫಾಂಟ್ ಇಲ್ಲದ ಕಂಪ್ಯೂಟರಿಗೆ ಅದು ನಮ್ಮೂರಲ್ಲ, ಕಸ. ಕನ್ನಡಕ್ಕೆ ತನ್ನದೇ ಸಂಕೇತ ಇರುವ ಯುನಿಕೋಡ್ ಪದ್ಧತಿಯಲ್ಲಿ ಹಾಗಲ್ಲ. ನಾಲ್ಕು ಅಕ್ಷರದ ‘ಶಲವಡಿ’ಗೆ ಐದು ಸಂಕೇತ: ಶ, ಲ, ವ, ಡ, ಗುಡಿಸು. ಯುಟಿಎಫ್-8ರಲ್ಲಿ ಒಂದೊಂದಕ್ಕೆ 3 ಬೈಟ್, ಒಟ್ಟು 15. ಅದನ್ನು ವಿಳಾಸದ ಸಾಲಿನಲ್ಲಿ ಕಳಿಸಬೇಕೆಂದರೆ ಪ್ರತಿ ಬೈಟೂ ಶೇಕಡಾ ಚಿಹ್ನೆ ಮತ್ತು ಅಂಕೆಯೋ ಇಂಗ್ಲಿಷ್ ಅಕ್ಷರವೋ ಆದ ಎರಡು ಗುರುತುಗಳಾಗುತ್ತದೆ. ‘ಶ’ ಒಂದೇ %ಇ0%ಬಿ2%ಬಿ6 ಎಂದು ಹಿಗ್ಗುತ್ತದೆ. ನಮ್ಮೂರ ಹೆಸರು 45 ಅಕ್ಷರದ ಸರಪಳಿಯಾಗಿ ತಂತಿಯ ಮೇಲೆ ಹೋಗಿ, ಆ ಕಡೆ ಮತ್ತೆ ‘ಶಲವಡಿ’ಯಾಗಿ ಇಳಿದಾಗ ನನಗೆ ಆದ ಸಂತೋಷವನ್ನು ಇವತ್ತೂ ಮರೆತಿಲ್ಲ.

ಆದರೆ ತೋರಿಸುವ ಕಷ್ಟ ಇತ್ತು. ಹಳೆಯ ಪ್ಲೇಯರ್‌ಗಳಲ್ಲಿ ಫಾಂಟನ್ನು ಫೈಲಿನೊಳಗೇ ಸೇರಿಸಿ ಯುನಿಕೋಡ್ ಕನ್ನಡ ತೋರಿಸಹೋದರೆ ಒತ್ತಕ್ಷರ ಕೆಳಗಿಳಿಯುತ್ತಿರಲಿಲ್ಲ. ಅಣ್ಣಿಗೇರಿ ‘ಅಣ್‌ಣಿಗೇರಿ’ ಆಗುತ್ತಿತ್ತು. ಹಾಗಾಗಿ ಮಾಹಿತಿಯನ್ನು ಯುನಿಕೋಡಿನಲ್ಲಿ ಇಟ್ಟುಕೊಂಡು, ತೋರಿಸುವ ಹೊತ್ತಿಗೆ ನುಡಿಯ ಸಂಕೇತಕ್ಕೆ ತಿರುಗಿಸುವ ಕೋಷ್ಟಕವನ್ನು ನಾನೇ ಬರೆದೆ. ಅದಕ್ಕೆ ಒಂದು ತಿಂಗಳು ಹಿಡಿಯಿತು. 2008ರ ಅಕ್ಟೋಬರಿನಲ್ಲಿ ಬಂದ ಫ್ಲ್ಯಾಶ್ ಪ್ಲೇಯರ್ 10ರ ಹೊಸ ಪಠ್ಯ ಎಂಜಿನ್ ಭಾರತದ ಲಿಪಿಗಳನ್ನು ಕೂಡಿಸಿ ಬರೆಯಲು ಕಲಿತಿತ್ತು. ಅಷ್ಟರಲ್ಲಿ ಫ್ಲ್ಯಾಶ್‌ನ ಇಳಿಹೊತ್ತು ಹತ್ತಿರವಾಗಿತ್ತು.

ಆಪಲ್ ತನ್ನ ಐಫೋನಿಗೆ ಫ್ಲ್ಯಾಶ್ ಸೇರಿಸಲಿಲ್ಲ. 2010ರ ಏಪ್ರಿಲ್‌ನಲ್ಲಿ ಸ್ಟೀವ್ ಜಾಬ್ಸ್ ಬಹಿರಂಗ ಪತ್ರ ಬರೆದು ಕಾರಣ ಹೇಳಿದರು: ಸುರಕ್ಷತೆ ಸಾಲದು, ಬ್ಯಾಟರಿ ತಿನ್ನುತ್ತದೆ, ಒಂದೇ ಕಂಪನಿಯ ಹಿಡಿತದಲ್ಲಿದೆ. 2017ರ ಜುಲೈನಲ್ಲಿ ಅಡೋಬಿ ತಾನೇ ಮುಚ್ಚುವ ದಿನ ಸಾರಿತು. 2020ರ ಡಿಸೆಂಬರ್ 31ಕ್ಕೆ ಬೆಂಬಲ ನಿಂತಿತು, 2021ರ ಜನವರಿ 12ರಿಂದ ಪ್ಲೇಯರ್ ಫ್ಲ್ಯಾಶ್ ಫೈಲುಗಳನ್ನು ತೆರೆಯುವುದನ್ನೇ ಬಿಟ್ಟಿತು. ದಕ್ಷಿಣ ಆಫ್ರಿಕಾದ ತೆರಿಗೆ ಇಲಾಖೆಯ ಕೆಲವು ಅರ್ಜಿಗಳು ಆಗಲೂ ಫ್ಲ್ಯಾಶ್‌ನಲ್ಲೇ ಇದ್ದವು. ಅವನ್ನು ತೆರೆಯಲೆಂದೇ ಆ ಇಲಾಖೆ ತನ್ನದೇ ಒಂದು ಬ್ರೌಸರ್ ಹೊರತರಬೇಕಾಯಿತು.

ಆ ಜನವರಿಯಲ್ಲಿ ನಾನು ಶಲವಡಿಯ ಮನೆಯಲ್ಲಿದ್ದೆ, ಕೊರೊನಾದಿಂದಾಗಿ ಆಫೀಸಿನ ಕೆಲಸ ಮನೆಯಿಂದಲೇ ನಡೆದಿತ್ತು. ಟ್ರಂಕಿನಲ್ಲಿದ್ದ ಹಳೆಯ ಸಿಡಿ ತೆಗೆದೆ. ಅದರಲ್ಲಿ ನನ್ನ ಎರಡು ಕೆಲಸ. ಒಂದು, ಹೊಲದ ಕೀಟಗಳ ಬಗ್ಗೆ ಶಾಲೆಯ ಮಕ್ಕಳಿಗೆ ಮಾಡಿದ ಪಾಠ. ಇನ್ನೊಂದು, ಹುಬ್ಬಳ್ಳಿ ಪೇಟೆಯ ಧಾರಣೆಯ ನಕ್ಷೆ. ರಫಲ್ ಎಂಬ ಉಚಿತ ತಂತ್ರಾಂಶ ಹಳೆಯ ಫ್ಲ್ಯಾಶ್ ಫೈಲುಗಳಿಗೆ ಮತ್ತೆ ಉಸಿರು ಕೊಡುತ್ತದೆ. 2020ರ ನವೆಂಬರಿನಿಂದ ಇಂಟರ್‌ನೆಟ್ ಆರ್ಕೈವ್ ಅದನ್ನೇ ಬಳಸಿ ಹಳೆಯ ಆಟಗಳನ್ನು ಉಳಿಸುತ್ತಿದೆ. ರಫಲ್‌ನಲ್ಲಿ ಎರಡನ್ನೂ ತೆರೆದೆ. ಕೀಟಗಳು ಓಡಾಡಿದವು, ಬಣ್ಣ ಹಾಗೇ ಇತ್ತು. ಆದರೆ ಒಂದು ಸಾಲು ಕನ್ನಡವನ್ನೂ ಹೊರಗೆ ತೆಗೆಯಲಾಗಲಿಲ್ಲ. ಎಲ್ಲ ಚೀಲದೊಳಗೆ ಹೊಲಿದ ಅಕ್ಷರದ ಚಿತ್ರ, ಮೂಲ ಫೈಲು ಕಳೆದುಹೋಗಿತ್ತು. ಧಾರಣೆಯ ನಕ್ಷೆಯಲ್ಲಿ ‘ಮಾಹಿತಿ ಬರುತ್ತಿದೆ’ ಎಂದು ಮೂರು ಚುಕ್ಕೆ ತಿರುಗುತ್ತಲೇ ಉಳಿದವು. ಆ ಕಡೆಯ ಅಂಗಡಿ ಮುಚ್ಚಿ ಎಷ್ಟೋ ವರ್ಷವಾಗಿತ್ತು.

ಕಾಕಾ ಹಿಂದೆ ನಿಂತು ನೋಡುತ್ತಿದ್ದರು. “ಇನ್ನೂ ಬಂದಿಲ್ಲೇನವಾ?” ಅಂದರು.

ಸಿಡಿಯ ಇನ್ನೊಂದು ಫೋಲ್ಡರಿನಲ್ಲಿ ಎಕ್ಸ್‌ಎಂಎಲ್ ಫೈಲುಗಳಿದ್ದವು, ಪರೀಕ್ಷೆಗೆಂದು ದಿನಕ್ಕೊಂದರಂತೆ ಇಟ್ಟುಕೊಂಡದ್ದು. ನೋಟ್‌ಪ್ಯಾಡಿನಲ್ಲಿ ತೆರೆದೆ. ಹೆಸರು, ಕಡಲೆ, ಬ್ಯಾಡಗಿ ಮೆಣಸಿನಕಾಯಿ, ಉಳ್ಳಾಗಡ್ಡಿ, ಎಲ್ಲ ಶುದ್ಧ ಕನ್ನಡದಲ್ಲಿ, ತಾರೀಖಿನ ಸಮೇತ. ಯಾವ ಪ್ಲೇಯರೂ ಬೇಕಾಗಲಿಲ್ಲ. ಆ ಸಂಜೆಯೇ ಜಾವಾಸ್ಕ್ರಿಪ್ಟಿನಲ್ಲಿ ಹೊಸ ನಕ್ಷೆ ಬರೆದು ಅವನ್ನು ಅದಕ್ಕೆ ಕೊಟ್ಟೆ. ಹಳೆಯ ಗೆರೆ ಹೊಸ ಪರದೆಯ ಮೇಲೆ ಎದ್ದಿತು. ಅದಕ್ಕೇ ಇಂದಿಗೂ ಯಾರಾದರೂ ಅಂಕಿಗಳ ಪಟ್ಟಿಯನ್ನು ಸ್ಕ್ಯಾನ್ ಮಾಡಿ ಚಿತ್ರವಾಗಿ ತಾಣಕ್ಕೆ ಹಾಕಿದ್ದು ಕಂಡರೆ ನನಗೆ ಸಂಕಟವಾಗುತ್ತದೆ. ಮತ್ತೆ ಬಾಯಿ ಹೊಲಿದರಲ್ಲ ಎನ್ನಿಸುತ್ತದೆ.

ಈಗ ಕಾಕಾ ಹೊಲದಲ್ಲಿ ನಿಂತು ಸರ್ಕಾರದ ಬೆಳೆ ಸಮೀಕ್ಷೆ ಆ್ಯಪಿನಲ್ಲಿ ಹೆಸರಿನ ಬೆಳೆಯ ಫೋಟೊ ತೆಗೆಯುತ್ತಾರೆ. ಸರ್ವೆ ನಂಬರು, ಬೆಳೆಯ ಹೆಸರು, ನಿಂತ ಜಾಗದ ಅಕ್ಷಾಂಶ ರೇಖಾಂಶ, ಫೋಟೊ ಎಲ್ಲ ಸೇರಿ ಒಂದು ಚೀಟಿ. ನಮ್ಮ ಎರಿ ಹೊಲದಲ್ಲಿ ಸಿಗ್ನಲ್ ಸಿಗುವುದಿಲ್ಲ, ಚೀಟಿ ಫೋನಿನಲ್ಲೇ ಉಳಿಯುತ್ತದೆ. ಮನೆಗೆ ಬಂದು ಮಾಳಿಗೆ ಹತ್ತಿ, ಬೆಳಕಿಂಡಿಯ ಹತ್ತಿರ ಫೋನ್ ಎತ್ತಿ ಹಿಡಿದು ಅಪ್‌ಲೋಡ್ ಒತ್ತುತ್ತಾರೆ. ಒತ್ತಿದವರು ಅಲ್ಲೇ ನಿಂತು ನೋಡುತ್ತಿರುವುದಿಲ್ಲ. ಫೋನನ್ನು ಕುಂಬಿಯ ಮೇಲೆ ಇಟ್ಟು, ಒಣಹಾಕಿದ ಮೆಣಸಿನಕಾಯಿಯಲ್ಲಿ ಕೈಯಾಡಿಸಲು ಹೋಗುತ್ತಾರೆ. ಟಿಣ್ ಎಂದಾಗ ತಿರುಗಿ ಬಂದು ಫೋನ್ ಎತ್ತಿಕೊಂಡು, ಕೆಳಗಿರುವ ನನಗೆ ಕೇಳುವಂತೆ “ಹೋತ್ ನೋಡವಾ” ಎನ್ನುತ್ತಾರೆ.