ಲಂಡನ್ನಿನ ಮರದಚ್ಚಿನಲ್ಲಿ ಆಫ್ರಿಕದ ಯುದ್ಧ

‘ಇಲ್ಲಸ್ಟ್ರೇಟೆಡ್ ಲಂಡನ್ ನ್ಯೂಸ್’ ಪತ್ರಿಕೆಯ ಹಳೆಯ ಯುದ್ಧಚಿತ್ರಗಳನ್ನು ಹತ್ತಿರದಿಂದ ನೋಡಬೇಕು. ಸೈನಿಕರು, ಹೊಗೆ, ಮರಗಳ ನಡುವೆ ಕೂದಲೆಳೆಯಷ್ಟು ತೆಳುವಾದ ಬಿಳಿ ಗೆರೆಗಳು ನೆಟ್ಟಗೆ ಹಾದುಹೋಗಿರುವುದು ಕೆಲವು ಚಿತ್ರಗಳಲ್ಲಿ ಕಾಣುತ್ತದೆ. ಅವು ಮರದ ತುಂಡುಗಳ ಸಂದುಗಳು.

1842ರ ಮೇ 14ರಂದು ಹುಟ್ಟಿದ ಈ ವಾರಪತ್ರಿಕೆಯ ಚಿತ್ರಗಳನ್ನು ಬಾಕ್ಸ್‌ವುಡ್ ಎಂಬ ಗಟ್ಟಿಮರದಲ್ಲಿ ಕೆತ್ತುತ್ತಿದ್ದರು. ಆ ಮರದ ಕಾಂಡ ಸಪೂರ. ಹಾಗಾಗಿ ಚಿಕ್ಕ ತುಂಡುಗಳನ್ನು ಹಿಂದಿನಿಂದ ಬೋಲ್ಟ್ ಹಾಕಿ ಜೋಡಿಸಿ, ಮೇಲೆ ಚಿತ್ರವನ್ನು ಎಡಬಲ ಮಗುಚಿ ಬರೆದು, ಮತ್ತೆ ಬಿಚ್ಚಿ ಹಂಚುತ್ತಿದ್ದರು. ಒಬ್ಬನ ಪಾಲಿಗೆ ಆಕಾಶ, ಇನ್ನೊಬ್ಬನ ಪಾಲಿಗೆ ಕುದುರೆಯ ಕಾಲು. ರಾತ್ರಿಯಿಡೀ ಕೆತ್ತಿದ ತುಂಡುಗಳು ಒಂದಾದ ಮೇಲೆ ಹಿರಿಯ ಕೆತ್ತನೆಗಾರ ಸಂದಿನ ಗೆರೆಗಳನ್ನು ಕೂಡಿಸುತ್ತಿದ್ದ. ಮರದಚ್ಚು ಸೀಸದ ಅಚ್ಚುಮೊಳೆಗಳ ಜೊತೆಗೇ ಒಂದೇ ಪುಟದಲ್ಲಿ ಅಚ್ಚಾಗುತ್ತಿತ್ತು. ವಾರಪತ್ರಿಕೆಗೆ ಬೇಕಾದದ್ದೂ ಅದೇ. ಲಂಡನ್ ಪತ್ರಿಕೆ ಹುಟ್ಟಿದ ಮರುವರ್ಷ, 1843ರ ಜುಲೈ 1ರಂದು, ಮಂಗಳೂರಿನಲ್ಲಿ ಹೆರ್ಮನ್ ಮೋಗ್ಲಿಂಗ್ ಹೊರತಂದ ‘ಮಂಗಳೂರ ಸಮಾಚಾರ’ ಕಲ್ಲಚ್ಚಿನಲ್ಲಿ ಮೂಡಿತು.

1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಯಲ್ಲೇ ಇದ್ದ ನಮ್ಮ ಕಾಸರಗೋಡಿಗೆ ಮೋಗ್ಲಿಂಗರ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಷನ್ ಪರಕೀಯವಲ್ಲ. ಅದೇ ಮಿಷನ್ನಿನ ಇನ್ನೊಂದು ನೆಲೆ ಗೋಲ್ಡ್ ಕೋಸ್ಟ್, ಇಂದಿನ ಘಾನಾ. 1869ರಲ್ಲಿ ಅಸಾಂಟೆ ರಾಜ್ಯದ ಸೇನೆ ಅಲ್ಲಿಂದ ಮಿಷನ್ನಿನ ಕೆಲಸದಲ್ಲಿದ್ದ ಫ್ರಿಟ್ಸ್ ರಾಮ್ಸೇಯರ್, ಪತ್ನಿ ರೋಸಾ ಮತ್ತು ಯೋಹಾನೆಸ್ ಕ್ಯೂನೆಯವರನ್ನು ಸೆರೆಹಿಡಿದು ಒಯ್ದಿತು. ರಾಮ್ಸೇಯರ್ ದಂಪತಿಯ ಹಸುಗೂಸು ಸೆರೆಯಲ್ಲೇ ತೀರಿಕೊಂಡಿತು. ಅವರಿಗೆ ಬಿಡುಗಡೆಯಾದದ್ದು 1874ರ ಜನವರಿಯಲ್ಲಿ, ಬ್ರಿಟಿಷ್ ದಂಡು ರಾಜಧಾನಿ ಕುಮಾಸಿಯತ್ತ ಸಾಗುತ್ತಿದ್ದಾಗ. ಫೆಬ್ರವರಿಯಲ್ಲಿ ಜನರಲ್ ವೂಲ್ಸ್‌ಲಿಯ ಸೈನಿಕರು ಊರಿಗೆ ಬೆಂಕಿಯಿಟ್ಟು, ಅರಮನೆಯನ್ನು ಲೂಟಿ ಮಾಡಿ ಹಿಂದಿರುಗಿದರು. ಲೂಟಿಯಾದ ಒಡವೆಗಳಲ್ಲಿ ಕೆಲವು 2024ರಲ್ಲಿ ಕುಮಾಸಿಗೆ ಬಂದವು, ಅವುಗಳಲ್ಲೂ ಹಲವು ಬರೀ ಎರವಲಾಗಿ.

ಆ ದಂಡಿನ ಜೊತೆ ಲಂಡನ್ ಪತ್ರಿಕೆಯ ಚಿತ್ರಕಾರ ಮೆಲ್ಟನ್ ಪ್ರಯರ್ ಇದ್ದ. ಅವನು ಕಂಡ ಮೊದಲ ಯುದ್ಧ ಅದು. ಇಂಥ ಚಿತ್ರಕಾರರು ಅವಸರದಲ್ಲಿ ಗೀಚಿದ ಪೆನ್ಸಿಲ್ ಚಿತ್ರಗಳು ಹಡಗಿನಲ್ಲಿ ವಾರಗಟ್ಟಲೆ ಸಾಗಿ ಲಂಡನ್ ಸೇರುತ್ತಿದ್ದವು. ಅವಕ್ಕೆ ಕಾಡು, ಮೈಕಟ್ಟು, ಮುಖ ತುಂಬುತ್ತಿದ್ದವರು ಆಫ್ರಿಕವನ್ನೇ ಕಾಣದವರು. ಬಿಳಿಯ ಅಧಿಕಾರಿಗೆ ಮುಖವಿದೆ, ಅಡಿಬರಹದಲ್ಲಿ ಹೆಸರಿದೆ. ಎದುರಾಳಿಗಳು ಸಾಮಾನ್ಯವಾಗಿ ಮರದ ಮರೆಯ ಕಪ್ಪು ಗುಂಪು. ಕೆತ್ತನೆಯ ನಯಕ್ಕೆ ನಾನು ಮನಸಾರೆ ತಲೆದೂಗುತ್ತೇನೆ. ಆದರೆ ಅನ್ಯಾಯವನ್ನು ನಂಬುವಂತೆ ಮಾಡಿದ್ದೂ ಆ ನಯವೇ.

ಆ ಚಿತ್ರಗಳ ಯುದ್ಧಗಳಲ್ಲಿ ನಮ್ಮವರೂ ಇದ್ದರು. 1868ರ ಅಬಿಸೀನಿಯಾ ದಂಡಯಾತ್ರೆಗೆ ಬೆಂಗಳೂರಿನಲ್ಲಿ ನೆಲೆಯಿದ್ದ ಮದ್ರಾಸ್ ಸ್ಯಾಪರ್ಸ್ ಪಡೆಯವರು ಹೋಗಿದ್ದರು. ಪತ್ರಿಕೆ ಆ ಯುದ್ಧಕ್ಕೆ ವಿಲಿಯಂ ಸಿಂಪ್ಸನ್‌ನನ್ನು ಕಳಿಸಿತ್ತು.

ಛಾಯಾಚಿತ್ರವನ್ನೇ ಅಚ್ಚಿಗೆ ಇಳಿಸುವ ಹಾಫ್‌ಟೋನ್ ಬಂದು, ಶತಮಾನದ ಕೊನೆಗೆ ಮರಗೆತ್ತನೆ ಮೂಲೆ ಸೇರಿತು. ರಾಮ್ಸೇಯರ್ 1896ರಲ್ಲಿ ಕುಮಾಸಿಗೆ ಮರಳಿ ಬಂದರು. ಆ ವೇಳೆಗೆ ಅವರೂ ಕ್ಯಾಮೆರಾ ಹಿಡಿದಿದ್ದರು. ಅವರು ತೆಗೆದ ಅಸಾಂಟೆ ಜನರ ಚಿತ್ರಗಳು ಬಾಸೆಲ್ಲಿನ ಮಿಷನ್ ಸಂಗ್ರಹದಲ್ಲಿವೆ. ಮಂಗಳೂರು ಸೀಮೆಯ ಹಳೆಯ ಛಾಯಾಚಿತ್ರಗಳೂ ಅಲ್ಲೇ ಇವೆ. ನಮ್ಮ ಊರುಗಳ ಚಿತ್ರ ಹುಡುಕಿ ಆ ಸಂಗ್ರಹವನ್ನು ತೆರೆಯುವವರು ಕುಮಾಸಿಯವನ್ನೂ ನೋಡಬೇಕು.