ಹೆಡ್ ಕೊರೆಸಿದರೆ ಪವರ್ ಬರುತ್ತಾ?

ದೀಪಾವಳಿ ರಜೆಯಲ್ಲಿ ನಾವು ಮೂವರು ನಮ್ಮ ಕ್ಲಾಸ್‌ಮೇಟ್ ಒಬ್ಬನ ಮನೆಗೆ ಅಂತ ಔರಾದ್‌ಗೆ ಹೋಗಿದ್ದೆವು. ಅವನ ಕಾಕಾ ಒಂದು ಹಳೇ ಡೀಸೆಲ್ ಪಿಕಪ್ ಇಟ್ಟುಕೊಂಡಿದ್ದಾರೆ. ಸೋಯಾ, ಉದ್ದು, ತೊಗರಿ ಹೇರಿಕೊಂಡು ಬೀದರ್‌ಗೆ, ಕೆಲವು ಸಲ ಭಾಲ್ಕಿಗೆ ಬಾಡಿಗೆ ಹೊಡೆಯುತ್ತಾರೆ. ಮಾಂಜ್ರಾ ನದಿ ದಾಟಿ ಬೀದರ್‌ನ ಎತ್ತರಕ್ಕೆ ಏರುವಾಗ ಗಾಡಿ ಸುಸ್ತಾಗುತ್ತಿತ್ತು. ನಾವು ಇಂಜಿನಿಯರಿಂಗ್ ಹುಡುಗರು ಅಂತ ಗೊತ್ತಾದ ಕೂಡಲೇ ಕೇಳಿದರು: "ಏರಿನ್ಯಾಗ ಗಾಡಿ ಎಳೀವಲ್ದು. ಹೆಡ್ ಕೊರೆಸಿ ಕಂಪ್ರೆಷನ್ ಏರಿಸಿದ್ರ ಪವರ್ ಬರ್ತದಂತ ಗ್ಯಾರೇಜಿನವ ಹೇಳ್ಯಾನ. ಖರೇ ಏನು?"

ಥರ್ಮೋಡೈನಮಿಕ್ಸ್ ಪಾಸಾದ ಧೈರ್ಯದಲ್ಲಿ "ಬರ್ತದ ಕಾಕಾ" ಅಂದುಬಿಟ್ಟೆವು. ಆ ಕೆಲಸಕ್ಕೆ ಅವರು ಸಾಲ ತೆಗೆಯಲು ಹೊರಟಿದ್ದಾರೆ ಅನ್ನೋದು ಆಮೇಲೆ ಗೊತ್ತಾಯ್ತು. ಗಾಬರಿಯಾಗಿ ರಾತ್ರಿ ಕೂತು ಲೆಕ್ಕ ಹಾಕಿದೆವು. ನಾವು ಹೇಳಿದ್ದು ತಪ್ಪಾಗಿತ್ತು. ಯಾಕೆ ತಪ್ಪು ಅನ್ನೋದೇ ಈ ಲೇಖನ.

ಮೊದಲು ಕಂಪ್ರೆಷನ್ ರೇಷಿಯೊ ಅಂದರೆ ಏನು ನೋಡೋಣ. ಪಿಸ್ಟನ್ ಕೆಳಗಿದ್ದಾಗ ಸಿಲಿಂಡರಿನ ಒಟ್ಟು ಜಾಗ, ಮೇಲಿದ್ದಾಗ ಉಳಿಯುವ ಜಾಗದ ಎಷ್ಟು ಪಟ್ಟು ಇದೆಯೋ ಅದೇ ಈ ರೇಷಿಯೊ. ಹೆಚ್ಚು ಒತ್ತಿದಷ್ಟೂ ಉರಿದ ಗ್ಯಾಸ್ ಹೆಚ್ಚು ಹಿಗ್ಗುತ್ತದೆ, ಅದೇ ಇಂಧನದಿಂದ ಹೆಚ್ಚು ಕೆಲಸ ಸಿಗುತ್ತದೆ. ಪೆಟ್ರೋಲ್ ಎಂಜಿನ್ನಿನ ಐಡಿಯಲ್ ಆಟೊ ಸೈಕಲ್‌ನಲ್ಲಿ ರೇಷಿಯೊ 8 ಇದ್ದರೆ ದಕ್ಷತೆ 56.5%, 10 ಆದರೆ 60.2%. ಇದು ಚೆನ್ನಾಗಿಯೇ ಗೊತ್ತಾಗುವ ಲಾಭ. ಪೆಟ್ರೋಲ್ ಎಂಜಿನ್ನಿನಲ್ಲಿ ಉರಿಯುವ ಜಾಗದ ಒಂದು ಭಾಗ ಹೆಚ್ಚಾಗಿ ಹೆಡ್‌ನಲ್ಲೇ ಇರುತ್ತದೆ. ಹಾಗಾಗಿ ಹೆಡ್ ಕೊರೆದರೆ ಆ ಜಾಗ ಕಿರಿದಾಗಿ ರೇಷಿಯೊ ಏರುತ್ತದೆ. ಅತಿಯಾದರೆ ನಾಕಿಂಗ್ ಬರುತ್ತದೆ, ಅದು ಬೇರೆ ಮಾತು. ಹೆಡ್ ಕೊರೆಸುವ ಐಡಿಯಾ ಹುಟ್ಟಿದ್ದು ಇಂಥ ಎಂಜಿನ್‌ಗಳಲ್ಲಿ.

ಆದರೆ ಕಾಕಾನ ಗಾಡಿ ಡೀಸೆಲ್. ಡೀಸೆಲ್‌ನಲ್ಲಿ ಸ್ಪಾರ್ಕ್ ಪ್ಲಗ್ ಇಲ್ಲ, ಒತ್ತಿದ ಗಾಳಿಯ ಬಿಸಿಗೇ ಇಂಧನ ಹೊತ್ತಿಕೊಳ್ಳಬೇಕು. ಅದಕ್ಕೇ ರೇಷಿಯೊ ಮೊದಲಿನಿಂದಲೂ ಜಾಸ್ತಿ ಇಟ್ಟಿರುತ್ತಾರೆ. 40 ಡಿಗ್ರಿ ಬಿಸಿಲಿನ ಗಾಳಿಯನ್ನು 18 ಪಟ್ಟು ಒತ್ತಿದರೆ ಐಡಿಯಲ್ ಲೆಕ್ಕದಲ್ಲಿ ಅದು 700 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಇನ್ನೂ ಒತ್ತಿದರೆ ಲಾಭ ಎಷ್ಟು? ಡೀಸೆಲ್ ಸೈಕಲ್ ಸೂತ್ರದಲ್ಲಿ ಕಟ್-ಆಫ್ ರೇಷಿಯೊ 2 ಇಟ್ಟುಕೊಂಡರೆ 18ಕ್ಕೆ ದಕ್ಷತೆ 63.2%, 20ಕ್ಕೆ 64.7%. ಗ್ರಾಫ್ ಆಗಲೇ ಚಪ್ಪಟೆಯಾಗುತ್ತಾ ಬಂದಿದೆ.

ಇನ್ನೊಂದು ತಮಾಷೆ ಇದೆ. ಈಗಿನ ಡೈರೆಕ್ಟ್ ಇಂಜೆಕ್ಷನ್ ಡೀಸೆಲ್‌ಗಳಲ್ಲಿ ಹೆಡ್‌ನ ತಳ ಸಾಮಾನ್ಯವಾಗಿ ಚಪ್ಪಟೆ. ಉರಿಯುವ ಬಟ್ಟಲು ಪಿಸ್ಟನ್ನಿನ ತಲೆಯಲ್ಲಿರುತ್ತದೆ. ಚಪ್ಪಟೆ ಹಲಗೆಯನ್ನು ಎಷ್ಟು ತೆಳ್ಳಗೆ ಮಾಡಿದರೂ ಅದರ ಕೆಳಗಿನ ಬಟ್ಟಲು ಚಿಕ್ಕದಾಗುತ್ತದೆಯೇ? ಇಲ್ಲ! ರೇಷಿಯೊ ಹೆಚ್ಚುಕಡಿಮೆ ಇದ್ದಲ್ಲೇ ಇರುತ್ತದೆ. ವಾಲ್ವ್‌ಗಳು ಮಾತ್ರ ಪಿಸ್ಟನ್‌ಗೆ ಹತ್ತಿರ ಬರುತ್ತವೆ. ಸೊಟ್ಟಗಾದ ಹೆಡ್ ಸಮ ಮಾಡಲು ಕೊರೆಸುವುದು ಸರಿ, ಪವರ್‌ಗೆ ಅಂತ ಕೊರೆಸುವುದರಲ್ಲಿ ಅರ್ಥವಿಲ್ಲ.

ಹಾಗಾದರೆ ತೆಳು ಗ್ಯಾಸ್ಕೆಟ್ ಹಾಕಿದರೆ? ಅದರಿಂದ ರೇಷಿಯೊ ನಿಜವಾಗಿಯೂ ಏರುತ್ತದೆ. ನಮ್ಮ ಕಡೆ ಓಡುವ ಬೊಲೆರೊ ಪಿಕಪ್‌ಗಳಲ್ಲಿ ಹಲವಕ್ಕೆ 2523 ಸಿಸಿ ಎಂಜಿನ್ ಇದೆ. ಬೋರ್ 88.9 ಮಿಮೀ, ಸ್ಟ್ರೋಕ್ 101.6 ಮಿಮೀ, ನಾಲ್ಕು ಸಿಲಿಂಡರ್, ಒಂದೊಂದು ಸುಮಾರು 631 ಸಿಸಿ. ಈ ಅಳತೆಯ ಎಂಜಿನ್ನಿಗೆ ರೇಷಿಯೊ 18 ಅಂದುಕೊಂಡರೆ ಪಿಸ್ಟನ್ ಮೇಲೆ ಉಳಿಯುವ ಜಾಗ ಸುಮಾರು 37 ಸಿಸಿ. ಗ್ಯಾಸ್ಕೆಟ್ 0.2 ಮಿಮೀ ತೆಳುವಾದರೆ ಅದರಲ್ಲಿ 1.24 ಸಿಸಿ ಕಡಿಮೆಯಾಗಿ ರೇಷಿಯೊ 18.6 ಆಗುತ್ತದೆ. ದಕ್ಷತೆ ಅರ್ಧ ಪರ್ಸೆಂಟೇಜ್ ಪಾಯಿಂಟ್ ಏರುತ್ತದೆ. 75 ಅಶ್ವಶಕ್ತಿಯ ಎಂಜಿನ್ನಿಗೆ ಸಿಗುವುದು ಸುಮಾರು ಅರ್ಧ ಅಶ್ವಶಕ್ತಿ. ಅರ್ಧ ಕುದುರೆ!

ಆ ಅರ್ಧ ಕುದುರೆಯ ಬೆಲೆ ನೋಡಿ. ಇಂಥ ಎಂಜಿನ್ನಿನಲ್ಲಿ ಪಿಸ್ಟನ್ ಮೇಲೆ ಬಂದಾಗ ಹೆಡ್‌ಗೂ ಅದಕ್ಕೂ ಇರುವ ಸಂದು ಸಾಮಾನ್ಯವಾಗಿ 1 ಮಿಮೀ ಆಸುಪಾಸು, ಎಷ್ಟೋ ಸಲ ಅದಕ್ಕೂ ಕಡಿಮೆ. ಬಿಸಿಗೆ ಲೋಹ ಹಿಗ್ಗುತ್ತದೆ, ವೇಗದಲ್ಲಿ ಕನೆಕ್ಟಿಂಗ್ ರಾಡ್ ಸ್ವಲ್ಪ ಉದ್ದವಾಗುತ್ತದೆ, ಬೇರಿಂಗ್ ಸವೆದಿರುತ್ತದೆ. ಅದಕ್ಕೆಲ್ಲ ಅಂತ ಬಿಟ್ಟ ಜಾಗದಲ್ಲೇ ನಾವು 0.2 ಮಿಮೀ ಕದಿಯುತ್ತೇವೆ. ಪಿಸ್ಟನ್ ತಾಗಿದರೆ ಎಂಜಿನ್ ಹೋಯಿತು, ಜೊತೆಗೆ ಸುಗ್ಗಿಯ ಬಾಡಿಗೆಯೂ ಹೋಯಿತು.

ಹಾಗಾದರೆ ಏರಿನಲ್ಲಿ ಪವರ್ ಎಲ್ಲಿ ಹೋಗುತ್ತದೆ? ಎಂಜಿನ್ ಎಷ್ಟು ಗಾಳಿ ಎಳೆಯುತ್ತದೋ ಅಷ್ಟೇ ಇಂಧನ ಸರಿಯಾಗಿ ಸುಡಬಲ್ಲದು. ಬೀದರ್ ಸಮುದ್ರಮಟ್ಟದಿಂದ 600 ಮೀಟರ್‌ಗಿಂತ ಮೇಲಿದೆ, ಆ ಎತ್ತರಕ್ಕೆ ಗಾಳಿಯ ಒತ್ತಡ ಸುಮಾರು 7% ಕಡಿಮೆ. 25 ಡಿಗ್ರಿಯ ಬದಲು 40 ಡಿಗ್ರಿ ಬಿಸಿಲಿದ್ದರೆ ಸಾಂದ್ರತೆ ಇನ್ನೂ 5% ಇಳಿಯುತ್ತದೆ. ಟರ್ಬೊ ಇದನ್ನು ಬಹುಮಟ್ಟಿಗೆ ತುಂಬಿಕೊಡುತ್ತದೆ, ಆದರೆ ಅದರ ಪೈಪ್ ಸೀಳಿದ್ದರೆ ಅಥವಾ ಏರ್ ಫಿಲ್ಟರ್ ತುಂಬ ಕೆಂಪು ಧೂಳು ಕೂತಿದ್ದರೆ ಏನೂ ಮಾಡಲಾರದು. ಗಾಳಿ ಇಲ್ಲದೆ ಡೀಸೆಲ್ ಮಾತ್ರ ಹೆಚ್ಚಿಸಿದರೆ ಬರುವುದು ಕಪ್ಪು ಹೊಗೆ.

ಎರಡನೆಯದು ಲೋಡ್. 5% ಏರಿನಲ್ಲಿ ಗಂಟೆಗೆ 40 ಕಿಮೀ ವೇಗಕ್ಕೆ, ರೋಲಿಂಗ್ ರೆಸಿಸ್ಟೆನ್ಸ್ 1.5% ಹಿಡಿದರೆ, 3 ಟನ್ ತೂಗುವ ಗಾಡಿಗೆ ಚಕ್ರದ ಹತ್ತಿರ ಸುಮಾರು 28.5 ಅಶ್ವಶಕ್ತಿ ಬೇಕು. 4 ಟನ್ ಆದರೆ 38. ಒಂದು ಟನ್ ಓವರ್‌ಲೋಡ್ ಒಂಬತ್ತೂವರೆ ಕುದುರೆಯನ್ನು ತಿನ್ನುತ್ತದೆ. ಅದರ ಮುಂದೆ ನಮ್ಮ ಅರ್ಧ ಕುದುರೆ ಏನು ಮಾಡೀತು?

ಮೂರನೆಯದೇ ಮುಖ್ಯ. ಹಳೇ ಗಾಡಿಗೆ ಬೇಕಾದದ್ದು ಹೆಚ್ಚಿನ ಕಂಪ್ರೆಷನ್ ಅಲ್ಲ, ಕಳೆದುಹೋದ ಕಂಪ್ರೆಷನ್. ರಿಂಗ್ ಸವೆದರೆ, ವಾಲ್ವ್ ಸರಿಯಾಗಿ ಕೂರದಿದ್ದರೆ ಒತ್ತಿದ ಗಾಳಿ ಸೋರಿಹೋಗುತ್ತದೆ. ಬೀದರ್ ಕಡೆಯ ಜನವರಿ ಬೆಳಿಗ್ಗೆ ಗಾಡಿ ಸ್ಟಾರ್ಟ್ ಆಗಲು ಹಟ ಮಾಡಿ ಬಿಳಿ ಹೊಗೆ ಬಿಟ್ಟರೆ ಅನುಮಾನ ಪಡಿ. ಇಂಜೆಕ್ಟರ್ ಜಾಗದಲ್ಲಿ ಗೇಜ್ ಹಾಕಿ ಕಂಪ್ರೆಷನ್ ಟೆಸ್ಟ್ ಮಾಡಿಸಬಹುದು. ಯಾವ ಸಿಲಿಂಡರ್ ಕಡಿಮೆಯೋ ಅದಕ್ಕೆ ಹೊರಗಿನಿಂದ ಗಾಳಿ ಕೊಟ್ಟು ಕಿವಿಗೊಟ್ಟರೆ ಸಾಕು: ಆಯಿಲ್ ಕ್ಯಾಪ್‌ನಲ್ಲಿ ಸದ್ದು ಬಂದರೆ ರಿಂಗ್, ಸೈಲೆನ್ಸರ್‌ನಲ್ಲಿ ಬಂದರೆ ಎಕ್ಸಾಸ್ಟ್ ವಾಲ್ವ್, ರೇಡಿಯೇಟರ್‌ನಲ್ಲಿ ಗುಳ್ಳೆ ಎದ್ದರೆ ಗ್ಯಾಸ್ಕೆಟ್.

ಬೆಳಿಗ್ಗೆ ಎದ್ದು ಕಾಕಾಗೆ "ನಿನ್ನೆ ಹೇಳಿದ್ದು ತಪ್ಪು" ಅಂತ ಒಪ್ಪಿಕೊಂಡೆವು. ಅವರು ನಕ್ಕು, ಗಾಡಿಯನ್ನು ಬೀದರ್‌ನಲ್ಲಿ ಬೇರೊಬ್ಬ ಮೆಕ್ಯಾನಿಕ್ ಹತ್ತಿರ ಒಯ್ದರು. ಗೇಜ್ ಹಾಕಿದಾಗ ಮೂರು ಸಿಲಿಂಡರ್ ಹೆಚ್ಚುಕಡಿಮೆ ಒಂದೇ ತೋರಿಸಿದವು, ನಾಲ್ಕನೆಯದು ಸ್ಪಷ್ಟವಾಗಿ ಕಡಿಮೆ. ಸದ್ದು ಸೈಲೆನ್ಸರ್‌ನಲ್ಲಿ ಬಂತು. ಕೊನೆಗೂ ಹೆಡ್ ಇಳಿಸಲೇಬೇಕಾಯಿತು, ಆದರೆ ಕೊರೆಯಲಿಲ್ಲ. ವಾಲ್ವ್ ಉಜ್ಜಿ ಕೂರಿಸಿದರು, ಮೊದಲಿನ ದಪ್ಪದ್ದೇ ಹೊಸ ಗ್ಯಾಸ್ಕೆಟ್, ಹೊಸ ಏರ್ ಫಿಲ್ಟರ್ ಹಾಕಿದರು. ಸಾಲ ಬೇಕಾಗಲಿಲ್ಲ.

ಈಗ ಅದೇ ಏರನ್ನು ಒಂದು ಗೇರ್ ಮೇಲೆ ಹತ್ತುತ್ತದಂತೆ. ಲೋಡ್ ಕಡಿಮೆ ಮಾಡಿ ಅಂತ ನಾವು ಹೇಳಿದ್ದನ್ನು ಮಾತ್ರ ಕಾಕಾ ಇನ್ನೂ ಒಪ್ಪಿಲ್ಲ.